ಸಣ್ಣ ಗೇರಿನ ಜಾಲಿ ಹಿಡಿಕೆ

ನನ್ನ ಮೇಜಿನ ಮೇಲೆ ಜಾಲಿ ಕಟ್ಟಿಗೆಯ ಒಂದು ಗುಂಡು ಇದೆ. ದೊಡ್ಡ ನಿಂಬೆಹಣ್ಣಿನಷ್ಟು ಇರಬಹುದು, ತಳದಲ್ಲಿ ಒಂದು ತೂತು. ಫ್ಯಾನಿನ ಗಾಳಿಗೆ ಹಾಳೆ ಹಾರದಿರಲಿ ಎಂದು ಇಟ್ಟುಕೊಂಡಿದ್ದೇನೆ ಎಂದು ಮನೆಗೆ ಬಂದವರಿಗೆ ಹೇಳುತ್ತೇನೆ. ಅದು ಪೂರ್ತಿ ನಿಜವಲ್ಲ. ಫ್ಯಾನು ಕೆಟ್ಟು ಎರಡು ಬೇಸಿಗೆ ಕಳೆದವು. ಹಾರುವಂಥ ಹಾಳೆಗಳನ್ನು ನಾನು ಬರೆಯುವುದೂ ಈಗೀಗ ಕಡಿಮೆ. ಬಂದವರಲ್ಲಿ ಒಬ್ಬರು ಅದನ್ನು ಬುಗುರಿ ಎಂದುಕೊಂಡು ಮೊಳೆ ಎಲ್ಲಿ ಹೋಯಿತೆಂದು ಕೇಳಿದರು. ಇನ್ನೊಬ್ಬರು ಮೂಸಿ ನೋಡಿ ಸೀನಿದರು. ಸೀನಿದವರೇ ಸತ್ಯಕ್ಕೆ ಹೆಚ್ಚು ಹತ್ತಿರ ಬಂದವರು.

ಅದು ನನ್ನ ಕಾಕಾ ಕಾಳಪ್ಪ ತನ್ನ ಹಳೆಯ ಪಿಕಪ್ ಗಾಡಿಗೆ ಹಾಕಿದ್ದ ಎರಡನೆಯ ಗೇರಿನ, ಅಂದರೆ ದೊಡ್ಡ ಗೇರಿನ ಪಕ್ಕದಲ್ಲಿ ನಿಂತಿದ್ದ ಸಣ್ಣ ಗೇರಿನ ಹಿಡಿಕೆ. ಒಂದು ಗಾಡಿಗೆ ಎರಡು ಗೇರು ಯಾಕೆ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಆದರೆ ನನಗೆ ನೆಟ್ಟಗೆ ಹೇಳಲು ಬರುವುದಿಲ್ಲ. ನನಗೆ ಮಾತು ಕಲಿಸಿದವರೇ ಹಾಗಿದ್ದರು. ಕಾಕಾನ ಹೆಂಡತಿ ನೀಲವ್ವ, ನನ್ನ ಚಿಗವ್ವ, ಅವಳನ್ನು ಉಪ್ಪು ಎಲ್ಲಿದೆ ಎಂದು ಕೇಳಿದರೆ, ಉಪ್ಪಿನ ಗಡಿಗೆ ಕೊಂಡ ಗುತ್ತಲದ ಸಂತೆ, ಆ ಸಂತೆಯಲ್ಲಿ ಸಿಕ್ಕ ತವರೂರಿನ ಗೆಳತಿ, ಆ ಗೆಳತಿಯ ಮಗಳ ಲಗ್ನದಲ್ಲಿ ಸಾರು ಹಳಸಿದ್ದು, ಇಷ್ಟೆಲ್ಲ ಮುಗಿದ ಮೇಲೆ ಉಪ್ಪು ಕೈಗೆ ಬರುತ್ತಿತ್ತು. ಅಷ್ಟರೊಳಗೆ ನಾವು ಸಪ್ಪೆ ಪಲ್ಯವನ್ನೇ ಉಂಡು ಕೈ ತೊಳೆದಿರುತ್ತಿದ್ದೆವು.

ನನ್ನ ಅಪ್ಪನಿಗೆ ಊರೂರು ವರ್ಗವಾಗುವ ನೌಕರಿ. ಹಾಗಾಗಿ ಆರನೆಯ ವರ್ಷದಿಂದ ನಾನು ಬೆಳೆದದ್ದು ಗುತ್ತಲದ ಆಚೆಗಿನ ನಮ್ಮ ಊರಲ್ಲಿ, ಕಾಕಾ ಮತ್ತು ಚಿಗವ್ವನ ಮನೆಯಲ್ಲಿ. ಅವರಿಗೆ ಮಕ್ಕಳಾಗಲಿಲ್ಲ. ಕಾಕಾ ಚಕ್ಕಡಿ ಕಟ್ಟುವ ಬಡಿಗ. ನಮ್ಮ ಅಂಗಳವೆಂದರೆ ಕೀಸುಳಿ ಹೊಡೆದ ಹೊಟ್ಟು, ಹಸಿ ಜಾಲಿಯ ಒಗರು ವಾಸನೆ, ಕೆಂಪಗೆ ಕಾಸಿದ ಕಬ್ಬಿಣದ ಹಳಿಯನ್ನು ಗಾಲಿಗೆ ಏರಿಸಿ ನೀರು ಹೊಯ್ದಾಗ ಏಳುವ ಚುಂಯ್ ಎಂಬ ಹೊಗೆ. ಕಾಕಾ ಟೇಪು ಹಿಡಿದು ಅಳೆದದ್ದನ್ನು ನಾನು ಕಾಣೆ. ಒಂದು ಹುರಿಗೆ ಗಂಟು ಹಾಕಿ ಅಳೆಯುತ್ತಿದ್ದ. ಆ ಗಂಟುಗಳಲ್ಲಿ ಸುತ್ತಲಿನ ಊರುಗಳ ಎಲ್ಲ ಚಕ್ಕಡಿಗಳೂ ಇದ್ದವು. ಚಕ್ಕಡಿಯ ಅಚ್ಚಿನ ಕೆಳಮೈ ಸವೆದರೆ ಅದನ್ನು ಬಿಚ್ಚಿ, ಮಗುಚಿ, ಮತ್ತೆ ಕೂಡಿಸುತ್ತಿದ್ದ. ಇನ್ನೂ ಹತ್ತು ವರ್ಷ ನಡೆಯುತ್ತಿತ್ತು.

"ಅಚ್ಚಿಗೆ ಮ್ಯಾಲ ಕೆಳಗ ಅಂತ ಇರಂಗಿಲ್ಲ ತಮ್ಮಾ," ಎನ್ನುತ್ತಿದ್ದ. "ಒಂದ ಮಗ್ಗಲಾ ಮಲಗಿ ಸಾಕಾದ್ರ ನಾವು ಹೊಳ್ಳಿ ಮಲಗಂಗಿಲ್ಲೇನು?"

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದರಿಂದಲೇ ಎಡವಟ್ಟಾಗುವುದಿದೆ.

ನಾನು ಓದಿ, ಹಾವೇರಿಯಲ್ಲಿ ಕನ್ನಡ ಮಾಸ್ತರನಾಗುವಷ್ಟರಲ್ಲಿ ಚಕ್ಕಡಿಗಳ ಕಾಲ ಮುಗಿದಿತ್ತು. ಕಾಕಾ ಮುಖ ಸಪ್ಪಗೆ ಮಾಡಿಕೊಂಡು ಕೂಡುವ ಜಾತಿಯವನಲ್ಲ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರು ಬಳಸಿ ಬೇಸತ್ತಿದ್ದ ಒಂದು ದಪ್ಪ ಪಿಕಪ್ ಗಾಡಿಯನ್ನು ತಂದ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ, ರಾಣೆಬೆನ್ನೂರಿಗೆ ಹತ್ತಿ, ಹಾವೇರಿಗೆ ಮದುವೆಯ ಜನ, ಏನೂ ನಡೆಯುತ್ತಿತ್ತು. ಕೊನೆಯವರೆಗೂ ಅದನ್ನು ಬಂಡಿ ಎಂದೇ ಕರೆದ. ದೂರ ಹೋಗಿ ಬಂದಾಗ ಬಾನೆಟ್ಟಿನ ಮೇಲೆ ಕೈಯಾಡಿಸಿ ಒಂದು ಬಕೆಟ್ ನೀರು ಹೊಯ್ಯುತ್ತಿದ್ದ. ಮುಂದೆ ಹುಲ್ಲು ಹಾಕುವುದೊಂದು ಬಾಕಿ.

ಇನ್ನು ಚಿಗವ್ವನ ಮಾತು. ನಮ್ಮ ಕಡೆ ಶೀಗಿ ಹುಣ್ಣಿಮೆಗೆ ಭೂಮಿ ಬಸುರಿ. ತೆನೆ ಹೊಡೆಯಲ್ಲಿರುವ ಹೊತ್ತು ಅದು. ಬಸುರಿ ಹೆಣ್ಣುಮಗಳ ಬಯಕೆ ತೀರಿಸುವ ಹಾಗೆ ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು ಇಟ್ಟು, ಹಸಿರು ಖಣ, ಹಸಿರು ಬಳೆ ಏರಿಸಿ ಉಡಿ ತುಂಬುತ್ತಾರೆ. ಆಮೇಲೆ ಕಡಬು, ಹೋಳಿಗೆ, ಸಜ್ಜಿರೊಟ್ಟಿ, ಬದನೆಕಾಯಿ ಎಲ್ಲವನ್ನೂ ಕಲಸಿ, ಕೂಗು ಹಾಕುತ್ತ ಹೊಲದ ಸುತ್ತ ಚೆಲ್ಲುತ್ತ ಬರುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಊರಿನ ಉಳಿದ ಹೆಂಗಸರಿಗೆ ಅದು ವರ್ಷದ ಒಂದು ಹಬ್ಬ. ಚಿಗವ್ವನಿಗೆ ಅಷ್ಟೇ ಆಗಿರಲಿಲ್ಲ. ಬೇರೆಯವರ ಮನೆಯ ಸೀಮಂತಕ್ಕೆ ಅವಳು ಹೋಗುತ್ತಿರಲಿಲ್ಲ, ಕರೆಯುತ್ತಿದ್ದವರೂ ಕಡಿಮೆ. ಅವಳು ಕೈಯಾರೆ ಉಡಿ ತುಂಬಿ, ಉಣಿಸಿ, ಬಯಕೆ ತೀರಿಸಿದ ಬಸುರಿ ಎಂದರೆ ಹಳ್ಳದಾಚೆಯ ನಮ್ಮ ನಾಲ್ಕು ಎಕರೆ ಎರೆಹೊಲ ಒಂದೇ. ಬಳೆಗಾರ ಮನೆಗೆ ಬಂದರೆ "ಇವು ಆಕಿಗೆ" ಎಂದು ಬೇರೆಯೇ ಎತ್ತಿಡುತ್ತಿದ್ದಳು. ಆಕೆ ಯಾರೆಂದು ಬಹಳ ದಿನ ನನಗೆ ತಿಳಿದಿರಲಿಲ್ಲ.

ಎರಡು ಸಾವಿರದ ಐದಾರನೆಯ ಇಸವಿ ಇದ್ದೀತು, ಚಿಗವ್ವ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಪಟ್ಟಿ ಹಾಕಿ ಕೂಡಿಸಿದ ಡಾಕ್ಟರು ಎರಡು ಮಾತು ಹೇಳಿದರು: ದೂರ ನಡೆಯಬಾರದು, ಚಕ್ಕಡಿ ಟ್ರ್ಯಾಕ್ಟರಿನಲ್ಲಿ ಕುಲುಕಾಡಬಾರದು. ಆ ವರ್ಷದ ಶೀಗಿ ಹುಣ್ಣಿಮೆ ಹಾಗೇ ಹೋಯಿತು. ಮರುವರ್ಷ ಕಾಕಾ, "ಬಂಡ್ಯಾಗ ಕುಂದ್ರು, ಮೆತ್ತನ್ನ ಸೀಟ್ ಐತಿ," ಎಂದು ಅವಳನ್ನು ಪಿಕಪ್ಪಿನ ಮುಂದೆ ಕೂಡಿಸಿಕೊಂಡು ಹೊರಟ. ಹಿಂದೆ ನಾನು, ಬುತ್ತಿಯ ಬುಟ್ಟಿ.

ಎರೆಮಣ್ಣು ಮಳೆ ಕುಡಿದರೆ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕಾಲಿನ ಚಪ್ಪಲಿಯನ್ನು ಇಸಿದುಕೊಳ್ಳುತ್ತದೆ, ಮತ್ತೆ ಕೊಡುವುದಿಲ್ಲ. ಹಳ್ಳ ದಾಟಿ ಏರು ಹತ್ತುವಲ್ಲಿ, ಹೊಲ ಇನ್ನೆರಡು ಕೂಗಳತೆ ಇರುವಾಗ, ಹಿಂದಿನ ಗಾಲಿಗಳು ಗಿರ್ರನೆ ತಿರುಗಿ ಹೊಟ್ಟೆಯವರೆಗೂ ಹೂತುಕೊಂಡವು. ಕಾಕಾ ಗಾಲಿಗೆ ಕಲ್ಲು ಕೊಟ್ಟ, ಕಂಟಿ ಕಡಿದು ಹಾಸಿದ. ಗಾಡಿ ಇನ್ನೂ ಆಳಕ್ಕೆ ಕೂತಿತು. ಬನ್ನಿಗಿಡ ಅಲ್ಲಿಂದ ಕಾಣುತ್ತಿತ್ತು.

"ಇಲ್ಲಿಂದನ ನಾಕು ತುತ್ತು ಚೆಲ್ಲಿ ಕೈ ಮುಗಿ, ಆಕಿಗೆ ಮುಟ್ಟತೈತಿ," ಎಂದ ಕಾಕಾ.

ಚಿಗವ್ವ ಬುಟ್ಟಿಯ ಮೇಲಿನ ಅರಿವೆ ತೆಗೆಯಲಿಲ್ಲ. "ಬಸರಿನ್ನ ಬಾಗಲದಾಗ ನಿಂದ್ರಿಸಿ ಉಣಸ್ತಾರೇನ್ರಿ?" ಎಂದಳು ಅಷ್ಟೇ.

ಬುತ್ತಿ ಕಟ್ಟಿದ ಹಾಗೆಯೇ ಮನೆಗೆ ಬಂತು. ಓಣಿಯವರಿಗೆಲ್ಲ ಹಂಚಿದಳು. ಕಾಕಾ ಮಾತ್ರ ಒಂದು ಕಡಬನ್ನೂ ಮುಟ್ಟಲಿಲ್ಲ. ಊರಿಗೆಲ್ಲ ಚಕ್ಕಡಿ ಕಟ್ಟಿ ಕೊಟ್ಟವನಿಗೆ ಹೆಂಡತಿಯನ್ನು ತನ್ನ ಹೊಲಕ್ಕೆ ಮುಟ್ಟಿಸಲಾಗಲಿಲ್ಲ ಎಂಬುದು ಅವನನ್ನು ಕೊರೆಯುತ್ತಿತ್ತು.

ಸೈನ್ಯದವರು ಹರಾಜು ಹಾಕಿದ ಜೀಪುಗಳಲ್ಲಿ ನಾಲ್ಕೂ ಗಾಲಿ ಎಳೆಯುತ್ತವೆ ಎಂಬ ಸುದ್ದಿಯನ್ನು ಅವನಿಗೆ ಯಾರು ಹೇಳಿದರೋ. ಮುಂದಿನ ಮಳೆಗಾಲದಲ್ಲಿ ನಾನೊಂದು ರವಿವಾರ ಊರಿಗೆ ಹೋದರೆ, ಚಕ್ಕಡಿ ಕಟ್ಟುತ್ತಿದ್ದ ತಗಡಿನ ಕೆಳಗೆ ಪಿಕಪ್ಪು ಕಟ್ಟಿಗೆಯ ದಿಮ್ಮಿಗಳ ಮೇಲೆ ಕೂತಿತ್ತು. ಮುಂದಿನ ಗಾಲಿ ಇಲ್ಲ, ಅಚ್ಚಿಲ್ಲ. ಕೆಳಗೆ ಗುತ್ತಲದ ವೆಲ್ಡಿಂಗ್ ಮಿಸ್ತ್ರಿ ಮೌಲಾಸಾಬನ ಎರಡು ಕಾಲು ಕಾಣುತ್ತಿದ್ದವು.

"ಮಾಸ್ತರ ಬಂದ್ರೇನು?" ಎಂದವು ಕಾಲುಗಳು. "ನಿಮ್ಮ ಕಾಕಾ ಎತ್ತಿಗೆ ನಾಕು ಕಾಲಿದ್ರ ನಾಕೂ ಎಳೀತಾವು, ಬಂಡಿಗೆ ಯಾಕ ಎರಡ ಅಂತಾರ. ಏನ್ ಹೇಳೂದು ಹೇಳ್ರಿ ಇವರಿಗೆ?"

ಕೆಲಸ ಕೇಳಲು ಸಣ್ಣದು. ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಇನ್ನೊಂದು ಗೇರುಪೆಟ್ಟಿಗೆ ನಡುವೆ ಕೂಡಬೇಕು; ಮುಂದೆ ಸುಮ್ಮನೆ ತಿರುಗುವ ಅಚ್ಚಿನ ಬದಲು, ತಾನೇ ಎಳೆಯುವ ಅಚ್ಚು ಬೇಕು. ಅದರ ಹೊಟ್ಟೆಯಲ್ಲಿ ಹಲ್ಲಿನ ಗಾಲಿ ಇರುವ ಒಂದು ಕಬ್ಬಿಣದ ಗಡಿಗೆ. ಎರಡನ್ನೂ ಜೋಡಿಸಲು ಒಂದು ಉದ್ದನೆಯ ದಂಡ. ಪೆಟ್ಟಿಗೆ ಸಿಕ್ಕಿದ್ದು ಬ್ಯಾಡಗಿಯಲ್ಲಿ. ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಹಿತ್ತಲಲ್ಲಿ ಹಳೆಯ ಜೀಪೊಂದು ತೊಟ್ಟಿನ ರಾಶಿಯ ಕೆಳಗೆ ಮುಕ್ಕಾಲು ಮುಚ್ಚಿಹೋಗಿತ್ತು. ಮೇಲಿಂದ ಕೈಗೆ ಸಿಕ್ಕ ಪೆಟ್ಟಿಗೆಯನ್ನಷ್ಟೇ ಬಿಚ್ಚಿ ತಂದಿದ್ದರು. ಅಚ್ಚಿಗಾಗಿ ರಾಶಿ ಅಗೆಯುವ ತಾಳ್ಮೆ ಕಾಕಾನಿಗೆ ಇರಲಿಲ್ಲ. ಅಚ್ಚು ಅಚ್ಚೇ ಅಲ್ಲವೇ ಎಂದು ರಾಣೆಬೆನ್ನೂರಿನ ಗುಜರಿಯಿಂದ ಬೇರೆ ಗಾಡಿಯದೊಂದನ್ನು ಹೊತ್ತುಕೊಂಡು ಬಂದಿದ್ದ.

ತಂದು ಹಿಡಿದು ನೋಡಿದರೆ ಆ ಅಚ್ಚಿನ ಗಡಿಗೆ ಎಡಕ್ಕೆ. ಪೆಟ್ಟಿಗೆಯ ಬಾಯಿ ಬಲಕ್ಕೆ. ದಂಡ ಕೂಡುವಂತಿಲ್ಲ. ಮೌಲಾಸಾಬ ತಲೆ ಕೆರೆದುಕೊಂಡ. ಕಾಕಾ ನಕ್ಕ. "ಮಗಚಿ ಹಾಕಿದ್ರ ಎಡಕ್ಕಿದ್ದದ್ದು ಬಲಕ್ಕ ಬರತೈತಿ. ಇದಕ್ಯಾಕ ಇಷ್ಟು ವಿಚಾರ?"

ಮೌಲಾಸಾಬನಿಗೆ ಅನುಮಾನವಿತ್ತು. ಅಚ್ಚಿನ ಜೊತೆಗೆ ಗುಜರಿಯವರು ಕೊಟ್ಟಿದ್ದ, ಎಣ್ಣೆ ಕುಡಿದು ಅರ್ಧ ಹರಿದ ಇಂಗ್ಲಿಷ್ ಪುಸ್ತಕವೊಂದಿತ್ತು. ಅದನ್ನು ನನ್ನ ಕೈಗಿಟ್ಟರು. "ಓದಿದಾವ ನೀ. ಮಗಚಿದ್ರ ನಡೀತದೋ ಇಲ್ಲೋ ನೋಡಿ ಹೇಳು," ಎಂದ ಕಾಕಾ.

ಇಲ್ಲಿ ನಾನು ನಿಮ್ಮೆದುರು ತಪ್ಪೊಪ್ಪಿಕೊಳ್ಳಬೇಕು. ಆ ಪುಸ್ತಕ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಹಳೆಗನ್ನಡದ ಸಮಾಸ ಕೊಟ್ಟಿದ್ದರೆ ನಿಂತಲ್ಲೇ ಬಿಡಿಸುತ್ತಿದ್ದೆ. ಹಲ್ಲಿನ ಗಾಲಿಗಳು ನನ್ನ ಸಿಲೆಬಸ್ಸಿನಲ್ಲಿ ಇರಲಿಲ್ಲ. ಆದರೆ ಓಣಿಯ ನಾಲ್ಕು ಜನ ನೋಡುತ್ತಿದ್ದರು, ಕಾಕಾ ನೋಡುತ್ತಿದ್ದ, ಕಟ್ಟೆಯ ಮೇಲಿಂದ ಚಿಗವ್ವ ನೋಡುತ್ತಿದ್ದಳು. ಕನ್ನಡಕ ಮೇಲೇರಿಸಿದೆ. ಬಾಣದ ಗುರುತುಗಳಿದ್ದ ಒಂದು ಚಿತ್ರದ ಮೇಲೆ ಬೆರಳಿಟ್ಟು "ಹ್ಞೂಂ" ಎಂದೆ. ಪುಟ ತಿರುವಿದೆ. "ನಡೀತದ ಕಾಕಾ," ಎಂದೆ.

ಆ ಬಾಣಗಳು ಏನನ್ನು ತೋರಿಸುತ್ತಿದ್ದವು ಎಂಬುದು ಎರಡು ತಿಂಗಳಾದ ಮೇಲೆ ಗೊತ್ತಾಯಿತು.

ಆ ಎರಡು ತಿಂಗಳು ಪ್ರತಿ ರವಿವಾರ ನಾನು ಊರಲ್ಲಿರುತ್ತಿದ್ದೆ. ಬೋಲ್ಟು ಹಿಡಿಯುವುದು, ಎಣ್ಣೆ ಒರೆಸುವುದು, ಮುಖ್ಯವಾಗಿ ಅಡ್ಡ ನಿಲ್ಲುವುದು ನನ್ನ ಕೆಲಸ. ಮುಂದಿನ ದಂಡದ ಉದ್ದವನ್ನು ಕಾಕಾ ಹುರಿಯ ಗಂಟಿನಲ್ಲಿ ಅಳೆದು ರಾಣೆಬೆನ್ನೂರಿನ ಲೇತಿಗೆ ಒಯ್ದ. ಲೇತಿನವನು ಹುರಿ ನೋಡಿ ನಕ್ಕನಂತೆ, ದಂಡ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ನಡುವಿನ ಪೆಟ್ಟಿಗೆಯನ್ನು ನಡೆಸುವ ಸಣ್ಣ ಗೇರಿನ ಕೋಲು ನೆಲದಿಂದ ಎದ್ದು, ನಡುವೆ ಕೂತವರ ಮೊಣಕಾಲ ಬಳಿ ಬರುತ್ತಿತ್ತು. ಅದರ ತುದಿಗೆ ಕಾಕಾ ಜಾಲಿಯ ತುಂಡು ಕೆತ್ತಿ ಹಿಡಿಕೆ ಮಾಡಿದ. ನಾನು ಹಿಡಿದು ನೋಡಿದೆ.

"ಸಣ್ಣದಾತಲ್ಲ ಕಾಕಾ. ನಿನ್ನ ಮುಷ್ಟ್ಯಾಗ ಕಾಣಂಗ ಇಲ್ಲ."

"ಇರಲಿ ಬಿಡು," ಎಂದ. ಅಳತೆ ತಪ್ಪದವನು ಇದೊಂದರಲ್ಲಿ ತಪ್ಪಿದನಲ್ಲ ಎಂದು ನನಗೆ ಒಳಗೊಳಗೇ ಖುಷಿಯೂ ಆಯಿತು.

ಹುಣ್ಣಿಮೆಗೆ ಇನ್ನು ಐದು ದಿನವಿತ್ತು. ನಾಲ್ಕೂ ಗಾಲಿ ನೆಲ ಬಿಟ್ಟು ದಿಮ್ಮಿಯ ಮೇಲಿರುವಾಗಲೇ ನಡೆಸಿ ನೋಡೋಣವೆಂದು ಗಾಲಿಗೆ ನಿಂಬೆಹಣ್ಣು ಹಿಂಡಿ, ಕಾಯಿ ಒಡೆದು, ಕಾಕಾ ಎಂಜಿನ್ ಹಚ್ಚಿದ. ಸಣ್ಣ ಗೇರು ಹಾಕಿದ. ಪೆಟ್ಟಿಗೆ ಕಾದದ್ದೇ ತಡ, ಅದರ ಮೂಲೆ ಮೂಲೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಬ್ಯಾಡಗಿಯ ಮೆಣಸಿನ ಪುಡಿ ಹುರಿದುಕೊಳ್ಳತೊಡಗಿತು. ಇಡೀ ಓಣಿಗೆ ಒಂದೇ ಒಗ್ಗರಣೆ. ಮೌಲಾಸಾಬ ಸೀನಿದ, ಕಾಕಾ ಸೀನಿದ, ನಾನು ಕಣ್ಣು ಮುಚ್ಚಿಕೊಂಡು ಕಂಬ ಹಿಡಿದೆ. ಹೊಗೆಯಿಂದ ದೂರ ಕಟ್ಟೆಯ ಮೇಲೆ ಕೂತ ಚಿಗವ್ವನ ಕಣ್ಣು ಮಾತ್ರ ನೆಟ್ಟಗಿದ್ದವು.

"ಏನ್ರಿ," ಎಂದಳು. "ಮುಂದಿನ ಗಾಲಿ ಹಿಂದಕ್ಕ ತಿರಗಾಕತ್ತಾವಲ್ರಿ?"

ಕಣ್ಣೊರೆಸಿಕೊಂಡು ನೋಡಿದೆವು. ಹಿಂದಿನ ಗಾಲಿಗಳು ಮುಂದಕ್ಕೆ, ಮುಂದಿನವು ಹಿಂದಕ್ಕೆ, ಅಷ್ಟೇ ಉಮೇದಿನಿಂದ ತಿರುಗುತ್ತಿದ್ದವು. ಚಕ್ಕಡಿಯ ಅಚ್ಚಿಗೆ ಮೇಲೆ ಕೆಳಗೆ ಇಲ್ಲದಿರಬಹುದು. ಹಲ್ಲಿನ ಗಾಲಿ ಇರುವ ಅಚ್ಚನ್ನು ಮಗುಚಿದರೆ ಅದು ತಿರುಗುವ ದಿಕ್ಕೇ ಮಗುಚುತ್ತದೆ.

"ಬಡಿಗೇರ ಕಾಕಾ," ಎಂದ ಮೌಲಾಸಾಬ, ಸೀನಿನ ನಡುವೆ. "ನಿಮ್ಮ ಬಂಡಿ ಹಿಂದಿನ ಗಾಲಿ ಹಾವೇರಿಗೆ ಹೊಂಟಾವು, ಮುಂದಿನವು ಹೊಳ್ಳಿ ಗುತ್ತಲಕ್ಕ ಹೊಂಟಾವು. ನಡುವ ಕುಂತಾವ್ರು ಎಲ್ಲಿ ಇಳೀಬೇಕ್ರಿ?"

ಓಣಿ ನಕ್ಕಿತು. ಚಿಗವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ಕಾಕಾ ಎಂಜಿನ್ ಆರಿಸಿ ದಿಮ್ಮಿಯ ಮೇಲೆ ಕೂತ. ಅವನು ನಗಲಿಲ್ಲ. ಅದನ್ನು ಕಂಡು ಚಿಗವ್ವನ ನಗುವೂ ನಿಂತಿತು. "ಬಿಡ್ರಿ," ಎಂದಳು ಮೆಲ್ಲಗೆ. "ಈ ವರ್ಷನೂ ಮನ್ಯಾಗ ಕೈ ಮುಗಿದ್ರಾತು." ಅವಳ ಪಕ್ಕದಲ್ಲಿ ಹಸಿರು ಬಳೆಯ ಪೊಟ್ಟಣವಿತ್ತು. ನಾನು ಹರಿದ ಪುಸ್ತಕವನ್ನು ಕಾಲಿನಿಂದ ಹೊಟ್ಟಿನ ರಾಶಿಯೊಳಗೆ ಸರಿಸಿದೆ.

ಕಾಕಾ ಎದ್ದ. "ಮೌಲಾ, ದಿಮ್ಮಿ ತಗಿ. ಬ್ಯಾಡಗಿಗೆ ಹೋಗೂಣು."

ಸಣ್ಣ ಗೇರು ಹಾಕದಿದ್ದರೆ ಗಾಡಿ ಮೊದಲಿನಂತೆ ಹಿಂದಿನ ಎರಡೇ ಗಾಲಿಯ ಮೇಲೆ ನಡೆಯುತ್ತಿತ್ತು. ಹೋದೆವು. ವ್ಯಾಪಾರಿಯ ಹಿತ್ತಲಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು. ನಾವು ಮೂವರು ಗಂಡಸರು ಮೂಗಿಗೆ ಟವೆಲ್ ಕಟ್ಟಿಕೊಂಡು ತೊಟ್ಟಿನ ರಾಶಿ ಅಗೆಯುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು.

"ಯಜ್ಜಾ, ಏನ್ ಹುಡಕಾಕತ್ತೀರಿ? ಬಂಗಾರ ಹುಗದೀರೇನು?" ಎಂದಳು ಒಬ್ಬಳು.

"ಇಲ್ಲವಾ. ಹೆಂಡ್ತಿನ್ನ ಶೀಗಿ ಹುಣ್ಣಿವಿಗೆ ಹೊಲಕ್ಕ ಕರಕೊಂಡು ಹೋಗೂ ಅಚ್ಚು ಹುಡಕಾಕತ್ತೇನಿ," ಎಂದ ಕಾಕಾ, ಸೀನುತ್ತಲೇ.

ಅವಳು ಪಕ್ಕದವಳ ಮುಖ ನೋಡಿದಳು. "ಕೇಳಿದಿಯೇನಬೇ? ನಮ್ಮನಿಯಾವ ತವರಿಗೆ ಕಳಸಾಕ ಬಸ್‌ಸ್ಟ್ಯಾಂಡ್ ತನಕಾನೂ ಬರಂಗಿಲ್ಲ!" ಎಂದು ಬುಟ್ಟಿ ತೆಗೆದುಕೊಂಡು ಎದ್ದಳು. ಅವಳ ಹಿಂದೆ ಉಳಿದವರೂ ಎದ್ದರು. ನಾವು ಇಡೀ ದಿನಕ್ಕೆ ಇಟ್ಟುಕೊಂಡಿದ್ದ ಕೆಲಸ ಒಂದು ತಾಸಿನಲ್ಲಿ ಮುಗಿಯಿತು. ಕೆಂಪು ಧೂಳಿನೊಳಗಿಂದ ಜೀಪಿನ ಸ್ವಂತ ಅಚ್ಚು ಎದ್ದು ಬಂತು, ಗಡಿಗೆ ಬಲಕ್ಕೇ ಇತ್ತು. ಶಾಲೆಗೆ ರಜೆ ಬರೆದು ನಾನೂ ಊರಲ್ಲೇ ಉಳಿದೆ. ಹುಣ್ಣಿಮೆಯ ಹಿಂದಿನ ದಿನ ಇಳಿಹೊತ್ತಿಗೆ ನಾಲ್ಕೂ ಗಾಲಿ ಒಂದೇ ಕಡೆಗೆ ತಿರುಗಿದವು. ಆಗಲೇ ಮಳೆಯೂ ಹನಿಯತೊಡಗಿತು.

ಮರುದಿನ ಮುಂಜಾನೆ ಕಾಕಾ ಸ್ಟಿಯರಿಂಗ್ ಹಿಡಿದ, ನಡುವೆ ಚಿಗವ್ವ, ಈಚೆ ನಾನು. ಹಿಂದೆ ಮೌಲಾಸಾಬ ಬುತ್ತಿಯ ಬುಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದ. ಹಳ್ಳದಲ್ಲಿ ಕೆನ್ನೀರು. ದಾಟಿದೆವು. ಹಿಂದಿನ ವರ್ಷ ಹೂತ ಏರಿನ ಬುಡಕ್ಕೆ ಬಂದಾಗ ಕಾಕಾ ನಿಲ್ಲಿಸಿದ. ಚಿಗವ್ವನ ತುಟಿ ಅಲುಗುತ್ತಿದ್ದವು. ಸಣ್ಣ ಗೇರನ್ನು ಈಗ ಹಾಕಬೇಕು. ಕಾಕಾ ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ.

"ನೀ ಹಾಕು," ಎಂದ.

"ನಾನ? ನನಗೇನ್ ಬರತೈತ್ರಿ?"

"ಹಿಡಕೊಂಡು ನೋಡು. ನಿನ್ನ ಕೈ ಅಳತೀಗೇ ಮಾಡೇನಿ."

ಚಿಗವ್ವ ಹಿಡಿದಳು. ಜಾಲಿಯ ಗುಂಡು ಅವಳ ಅಂಗೈಯಲ್ಲಿ, ಹಕ್ಕಿ ಗೂಡಿನಲ್ಲಿ ಕೂತ ಹಾಗೆ ಕೂತಿತು. ಅವಳು ಮಲಗಿದ್ದಾಗ ಯಾವಾಗಲೋ ಹುರಿ ಸುತ್ತಿ ಮುಷ್ಟಿಯ ಅಳತೆ ತೆಗೆದಿದ್ದನಂತೆ, ಕಳ್ಳ. ಅವಳು ಹಿಂದಕ್ಕೆ ಎಳೆದಳು, ಕಟಕ್ ಎಂದಿತು. ಗಾಡಿ ಒಮ್ಮೆ ನಡುಗಿ, ಗೊಣಗಿ, ಮುಂದಿನ ಗಾಲಿಗಳಿಂದ ಮಣ್ಣನ್ನು ಬಾಚಿ ತಬ್ಬಿಕೊಂಡು ಏರು ಹತ್ತಿತು. ಹಿಂದಿನಿಂದ ಮೌಲಾಸಾಬ ಏನೋ ಕೂಗಿದ. ನನಗೆ ಕೇಳಲಿಲ್ಲ, ನಾನೂ ಕೂಗುತ್ತಿದ್ದೆ.

ಬನ್ನಿಗಿಡದ ಬುಡದಲ್ಲಿ ಅವಳು ಇಳಿದಳು. ಕಲ್ಲುಗಳಿಗೆ ಸುಣ್ಣ ಬಳಿದು, ಖಣ ಏರಿಸಿ, ಮೂರು ವರ್ಷದ ಬಳೆಗಳನ್ನು ಒಟ್ಟಿಗೆ ಇಟ್ಟಳು. ಉಡಿ ತುಂಬುವಾಗ ಏನು ಮಾತಾಡಿದಳೋ, ನಾವು ಮೂವರೂ ದೂರ ನಿಂತಿದ್ದೆವು. ಆದರೆ ಹೊಲದ ಸುತ್ತ ಚರಗ ಚೆಲ್ಲಲು ಅವಳ ಸೊಂಟ ಒಪ್ಪಲಿಲ್ಲ. ನಾಲ್ಕು ಹೆಜ್ಜೆಗೇ ನಿಂತಳು. ಕಾಕಾ ಅವಳನ್ನು ಮತ್ತೆ ಗಾಡಿಯಲ್ಲಿ, ಈ ಸಲ ನನ್ನ ಜಾಗದಲ್ಲಿ ಕಿಡಕಿಯ ಪಕ್ಕ ಕೂಡಿಸಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟ. ಬದುವಿನ ಗುಂಟ ಹೊರಟೆವು.

"ಲಗೂ ಬ್ಯಾಡ್ರಿ," ಎಂದಳು ಚಿಗವ್ವ. "ಸಾವಕಾಶ ಹೊಡೀರಿ. ಬಸರಿ ಮ್ಯಾಲ ಹೊಂಟೀವಿ."

ಸಣ್ಣ ಗೇರಿನಲ್ಲಿ ಆ ಗಾಡಿ ಮುದಿ ಎತ್ತಿಗಿಂತ ಮೆಲ್ಲಗೆ, ಯಾರೂ ಒತ್ತದಿದ್ದರೂ ತನ್ನಷ್ಟಕ್ಕೆ ನಡೆಯುತ್ತಿತ್ತು. ಅದು ಗೊತ್ತಾದ ಕ್ಷಣ ಕಾಕಾ ಬಾಗಿಲು ತೆರೆದು ಇಳಿದುಬಿಟ್ಟ. ಕಿಡಕಿಯೊಳಗಿಂದ ಒಂದು ಕೈ ಸ್ಟಿಯರಿಂಗಿನ ಮೇಲಿಟ್ಟು ಗಾಡಿಯ ಪಕ್ಕದಲ್ಲಿ ನಡೆದ, ಎತ್ತಿನ ಜೊತೆ ನಡೆದ ಹಾಗೆ. ಈಚೆಯ ಕಿಡಕಿಯಿಂದ ಚಿಗವ್ವ ಒಂದೊಂದೇ ತುತ್ತು ಚೆಲ್ಲಿದಳು. ನಾನು ಹಿಂದೆ ನಡೆಯುತ್ತ, ಅವಳ ಚರಗದ ಕೂಗಿಗೆ ಚಿಕ್ಕಂದಿನಲ್ಲಿ ದನಿಗೂಡಿಸಿದಂತೆಯೇ ದನಿಗೂಡಿಸಿದೆ. ನಾಲ್ಕು ಎಕರೆ ಸುತ್ತಲು ಎಷ್ಟು ಹೊತ್ತು ಹಿಡಿಯಿತೋ. ಇನ್ನಷ್ಟು ಹಿಡಿಯಬೇಕಿತ್ತು ಎಂದು ಈಗ ಅನಿಸುತ್ತದೆ.

ಹಾಗೆ ಮೂರು ಹುಣ್ಣಿಮೆ ನಡೆಯಿತು. ನಾಲ್ಕನೆಯದಕ್ಕೆ ಚಿಗವ್ವ ಇರಲಿಲ್ಲ.

ಅವಳ ದಿನಕರ್ಮಗಳು ಮುಗಿದು ನಾನು ಹಾವೇರಿಗೆ ಹೊರಟಾಗ, ಕಾಕಾ ಗಾಡಿಯೊಳಗೆ ಬಗ್ಗಿ ಹಿಡಿಕೆಯನ್ನು ತಿರುವಿ ತೆಗೆದು ನನ್ನ ಕೈಗಿಟ್ಟ.

"ಯಾಕ ಕಾಕಾ? ಬೇಕಾಗತೈತಲ್ಲ."

"ನನಗೊಬ್ಬಗ ಎರಡ ಗಾಲಿ ಸಾಕು," ಎಂದ.

ಏನೋ ಹೇಳಬೇಕೆನಿಸಿತು. ಇಷ್ಟು ವರ್ಷ ನುಂಗಿಕೊಂಡಿದ್ದ ಪುಸ್ತಕದ ಮಾತು ಬಾಯಿಗೆ ಬಂತು. "ಕಾಕಾ, ಆವತ್ತ ಆ ಇಂಗ್ಲಿಷ್ ಪುಸ್ತಕ…"

"ತಿಳಿದಿದ್ದಿಲ್ಲ ನಿನಗ. ಗೊತ್ತೈತಿ. ತಲಿಕೆಳಗ ಹಿಡಿದಿದ್ದಿ." ಕಣ್ಣು ಒದ್ದೆಯಿದ್ದರೂ ಮೀಸೆಯಲ್ಲಿ ನಕ್ಕ. "ನನಗೂ ಆವತ್ತ ಹೂಂ ಅನ್ನಾಂವ ಒಬ್ಬ ಬೇಕಾಗಿದ್ದ, ತಮ್ಮಾ."

ಈಗ ಹಳ್ಳಕ್ಕೆ ಸೇತುವೆಯಾಗಿದೆ, ಹೊಲದವರೆಗೂ ಗಟ್ಟಿ ರಸ್ತೆ. ಯಾವ ಗಾಡಿಯೂ ಹೋಗುತ್ತದೆ, ಎಷ್ಟು ಜೋರಾಗಿ ಬೇಕಾದರೂ. ನಾನು ಕೆಲವೊಮ್ಮೆ ಬರೆಯುವುದನ್ನು ಬಿಟ್ಟು ಈ ಗುಂಡನ್ನು ಕೈಯಲ್ಲಿ ಹಿಡಿಯುತ್ತೇನೆ. ಮೂಗಿನ ಹತ್ತಿರ ತಂದರೆ ಇವತ್ತಿಗೂ ಬ್ಯಾಡಗಿಯ ಘಾಟು ತುಸು ಉಳಿದಿದೆ. ಕಣ್ಣಲ್ಲಿ ನೀರು ಬಂದರೆ ತಪ್ಪನ್ನು ಆ ಘಾಟಿನ ಮೇಲೆ ಹಾಕುತ್ತೇನೆ. ಬೆರಳುಗಳನ್ನು ಹೇಗೆ ಮಡಿಚಿ ಹಿಡಿದರೂ ಅದು ಕೂಡುವುದಿಲ್ಲ. ನನ್ನ ಅಂಗೈಗೆ ಅದು ಸಣ್ಣದು.